ತೋಟದ ಮನೆಯ ಕ್ಯಾಮೆರಾ ಆಫ್‌ಲೈನ್ ಆದಾಗ

ಕಳಸ, ಬಾಳೂರು, ಕೊಟ್ಟಿಗೆಹಾರದ ಕಡೆ ಮಳೆ ಹಿಡಿಯಿತೆಂದರೆ ಮೊದಲು ಕರೆಂಟ್ ಹೋಗುತ್ತದೆ, ಅದರ ಬೆನ್ನಿಗೇ ನೆಟ್. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಮಲಗುವ ಮುನ್ನ ಊರಿನ ಅಂಗಳವನ್ನೊಮ್ಮೆ ನೋಡೋಣವೆಂದು ಮೊಬೈಲ್ ತೆಗೆದರೆ ಕಾಣುವುದು ಒಂದು ಕಪ್ಪು ಚೌಕ, ನಡುವೆ ‘ಆಫ್‌ಲೈನ್’ ಎಂಬ ಒಂದೇ ಮಾತು. ಫೋನ್ ಮಾಡಿದರೆ ಸಿಗುವುದಿಲ್ಲ, ಏಕೆಂದರೆ ಹೊತ್ತು ಕಳೆದಂತೆ ಟವರಿನ ಬ್ಯಾಟರಿಯೂ ಮುಗಿದಿರುತ್ತದೆ. ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರು, ಗೋದಾಮಿನಲ್ಲಿ ಒಳ್ಳೆಯ ಬೆಲೆಗೆಂದು ಮಾರದೆ ಇಟ್ಟುಕೊಂಡ ಕಾಫಿ ಮೂಟೆಗಳು, ಪಕ್ಕದ ಮನೆಗೆ ಹೋಗಬೇಕೆಂದರೆ ಇಡೀ ಒಂದು ತೋಟ ದಾಟಬೇಕು. ಮಲೆನಾಡಿನಿಂದ ಮಕ್ಕಳು ಹೊರಗೆ ಹೋದ ಎಷ್ಟೋ ಮನೆಗಳಲ್ಲಿ ಈ ರಾತ್ರಿ ಮಳೆಗಾಲದುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಕ್ಯಾಮೆರಾ ಯಾಕೆ ಹೀಗೆ ಕೈಕೊಡುತ್ತದೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ನಮ್ಮ ಗುಡ್ಡ, ನಮ್ಮ ಮಳೆ, ನಮ್ಮ ಕಂಬಗಳ ಲೆಕ್ಕದಲ್ಲಿಯೇ ಯಾರಾದರೂ ಹೇಳಬೇಕು. ಕ್ಯಾಮೆರಾದ ಡಬ್ಬಿಯೊಳಗೆ ಬರುವ ಪುಸ್ತಿಕೆ ನಗರದ ಫ್ಲ್ಯಾಟಿಗೆ ಬರೆದದ್ದು.

ಹಿಂದೆಲ್ಲ ಈ ಸೀಮೆಯ ತೋಟದ ಮನೆಗಳಲ್ಲಿ ಕ್ಯಾಮೆರಾ ಅಪರೂಪವಾಗಿತ್ತು. ಕಣದಲ್ಲಿ ಹರವಿದ ಕಾಫಿಗೆ ಸಂಜೆ ಟಾರ್ಪಾಲು ಹೊದಿಸಿ, ಒಬ್ಬರು ಅಲ್ಲೇ ಮಲಗಿ, ನಾಯಿಯ ಸರಪಳಿ ಬಿಚ್ಚಿದರೆ ಕಾವಲು ಆದ ಹಾಗೆ. ಬೆಲೆ ಏರಿದ ಮೇಲೆ ಅಷ್ಟು ಸಾಲದಾಯಿತು. 2021ರ ಹೊತ್ತಿಗೆ ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ 50 ಕೆ.ಜಿ. ರೊಬಸ್ಟಾ ಚೆರ್ರಿ 2024–25ರ ಹಂಗಾಮಿನಲ್ಲಿ ಹತ್ತು ಸಾವಿರ ದಾಟಿತು. ಅರೇಬಿಕಾ ಪಾರ್ಚ್‌ಮೆಂಟ್ 2025ರ ಆರಂಭದಲ್ಲಿ 25,000 ಮೀರಿತು. ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದ ಒಂದು ಮೂಟೆಗೆ ಇಷ್ಟು ಬೆಲೆ ಬಂದಾಗ ಕಣದಿಂದ, ಗೋದಾಮಿನಿಂದ, ಕೊನೆಗೆ ಗಿಡದಿಂದಲೇ ಹಣ್ಣು ಕದಿಯುವವರು ಹುಟ್ಟಿಕೊಂಡರು. ಕಾಳುಮೆಣಸಿನ ಬಳ್ಳಿಗೂ ಅದೇ ಗತಿ. ಆಲ್ದೂರು, ಮೂಡಿಗೆರೆ, ಬಣಕಲ್ ಸುತ್ತ ಕ್ಯಾಮೆರಾ ಹಾಕಿಸಿದವರಲ್ಲಿ ಹೆಚ್ಚಿನವರು ಹಾಕಿಸಿದ್ದು ಈ ಭಯಕ್ಕೆ. ಇನ್ನೊಂದು ಭಯ ಆನೆಯದು. 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಹುಲ್ಲೇಮನೆ ಕುಂದೂರಿನಲ್ಲಿ ಕಾಡಾನೆಗೆ ಒಬ್ಬ ಹೆಣ್ಣುಮಗಳು ಬಲಿಯಾದರು. ಬೆಳಗಿನ ಕತ್ತಲಲ್ಲಿ ಕದ ತೆರೆಯುವ ಮೊದಲು ಅಂಗಳದಾಚೆ ಏನಿದೆ ಎಂದು ಮೊಬೈಲಿನಲ್ಲಿ ನೋಡಿಕೊಳ್ಳುವುದು ಇಲ್ಲಿ ಶೋಕಿಯಲ್ಲ.

ಕ್ಯಾಮೆರಾ ಮಾಡುವ ಕೆಲಸ ಎರಡು. ಒಂದು, ಕಂಡದ್ದನ್ನು ದಾಖಲಿಸುವುದು. ಇನ್ನೊಂದು, ದೂರದಲ್ಲಿರುವವರಿಗೆ ತೋರಿಸುವುದು. ಇಂಟರ್ನೆಟ್ ಬೇಕಾಗಿರುವುದು ಎರಡನೆಯದಕ್ಕೆ ಮಾತ್ರ. ಅಂಗಡಿಯವರು ಇದನ್ನು ಬಿಡಿಸಿ ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಹಾಗಾಗಿ ಮೆಮೊರಿ ಕಾರ್ಡ್ ಹಾಕದೆ, ಎಲ್ಲವೂ ಕಂಪನಿಯ ಕ್ಲೌಡಿಗೇ ಹೋಗುವಂತೆ ಬಿಟ್ಟ ಕ್ಯಾಮೆರಾಗಳು ನೆಟ್ ಹೋದ ಕ್ಷಣದಿಂದ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಕಳ್ಳ ಬರುವುದು ಕರೆಂಟಿಲ್ಲದ, ಮಳೆ ಸುರಿಯುವ ರಾತ್ರಿಯಲ್ಲೇ ಅಲ್ಲವೇ?

ಜಗತ್ತಿನ ಮೊದಲ ವೆಬ್ ಕ್ಯಾಮೆರಾ ಕಾದಿದ್ದು ಕಾಫಿಯನ್ನೇ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ, ಬೇರೆ ಬೇರೆ ಕೋಣೆಗಳಲ್ಲಿದ್ದ ಸಂಶೋಧಕರು ಕಾಫಿ ಪಾತ್ರೆ ಖಾಲಿಯೋ ತುಂಬಿದೆಯೋ ಎಂದು ಕೂತಲ್ಲೇ ತಿಳಿಯಲು ಅದರ ಮುಂದೆ ಒಂದು ಕ್ಯಾಮೆರಾ ನಿಲ್ಲಿಸಿದರು. ಎರಡು ವರ್ಷ ಅದು ನಡೆದದ್ದು ಆ ಕಟ್ಟಡದ ಒಳಜಾಲದಲ್ಲಿ ಮಾತ್ರ. ಹೊರಗಿನ ಜಗತ್ತಿಗೆ ಆ ಪಾತ್ರೆ ಕಂಡದ್ದು 1993ರ ನವೆಂಬರಿನಲ್ಲಿ. ಅದೇ ರೀತಿ ನಮ್ಮ ಮನೆಯೊಳಗಿನ ವೈ-ಫೈಗೆ ಹೊರಗಿನ ನೆಟ್ ಇಲ್ಲದೆಯೂ ಕ್ಯಾಮೆರಾದ ಚಿತ್ರ ಅಂಗಳದಿಂದ ಅಡುಗೆಮನೆಗೆ ಬರಬಲ್ಲದು. ಆದರೆ ಅಗ್ಗದ ಎಷ್ಟೋ ಕ್ಯಾಮೆರಾಗಳ ಆ್ಯಪ್, ಪಕ್ಕದಲ್ಲೇ ನಿಂತು ನೋಡುವುದಕ್ಕೂ ದೂರದೇಶದ ಸರ್ವರನ್ನು ಕೇಳಿಯೇ ಬಾಗಿಲು ತೆರೆಯುತ್ತದೆ. ಹಾಗಾಗಿ ಕೊಳ್ಳುವಾಗ ‘ಒನ್ವಿಫ್’ ಇದೆಯೇ ಎಂದು ಕೇಳಬೇಕು. ಇದು 2008ರಲ್ಲಿ ಕ್ಯಾಮೆರಾ ಕಂಪನಿಗಳೇ ಸೇರಿ ಕಟ್ಟಿಕೊಂಡ ಒಂದು ಸಮಾನ ಪದ್ಧತಿ. ಅದಿದ್ದರೆ ಬೇರೆ ಕಂಪನಿಯ ರೆಕಾರ್ಡರ್ ಜೊತೆಗೂ ಕ್ಯಾಮೆರಾ ಮಾತಾಡುತ್ತದೆ, ನೆಟ್ ಇಲ್ಲದಾಗಲೂ ಮನೆಯೊಳಗೆ ಚಿತ್ರ ಸಿಗುತ್ತದೆ. ಬೆಳಗಿನ ಜಾವ ಆನೆ ನೋಡಬೇಕಾದವರಿಗೆ ಈ ಒಂದು ಗುಣ ಉಳಿದೆಲ್ಲಕ್ಕಿಂತ ಮುಖ್ಯ.

ಮೆಮೊರಿ ಕಾರ್ಡಿನ ಲೆಕ್ಕ ಸುಲಭ. ಸೆಕೆಂಡಿಗೆ ಒಂದು ಮೆಗಾಬಿಟ್ ದಾಖಲಿಸುವ ಕ್ಯಾಮೆರಾ ಇಡೀ ದಿನಕ್ಕೆ ಸುಮಾರು 11 ಜಿಬಿ ತಿನ್ನುತ್ತದೆ. ಎರಡು ಮೆಗಾಬಿಟ್ ಆದರೆ ಅದರ ಇಮ್ಮಡಿ. ಅಂದರೆ 128 ಜಿಬಿಯ ಕಾರ್ಡು ಐದಾರು ದಿನದಿಂದ ಹನ್ನೊಂದು ದಿನದವರೆಗೆ ಸಾಕು. ಆಮೇಲೆ ಹಳೆಯದರ ಮೇಲೆಯೇ ಹೊಸದು ಬರೆಯುತ್ತ ಹೋಗುತ್ತದೆ. ಮೊಬೈಲಿನಿಂದ ತೆಗೆದ ಹಳೆಯ ಕಾರ್ಡು ಹಾಕಬೇಡಿ. ಹಗಲೂ ರಾತ್ರಿ ಬರೆಸಿಕೊಳ್ಳುವುದಕ್ಕೆಂದೇ ಮಾಡಿದ ಕಾರ್ಡುಗಳಿವೆ, ಅವು ಬಾಳುತ್ತವೆ.

ಇನ್ನು ಕೆಟ್ಟದ್ದನ್ನು ಹುಡುಕುವ ಬಗೆ. ಕ್ಯಾಮೆರಾ ಆಫ್‌ಲೈನ್ ಆದೊಡನೆ ಜನ ಕ್ಯಾಮೆರಾವನ್ನೇ ಬೈಯುತ್ತಾರೆ, ಏಣಿ ಹಾಕಿ ಅದನ್ನೇ ಬಿಚ್ಚುತ್ತಾರೆ. ನಮ್ಮ ಕಡೆ ತೊಂದರೆ ಅಲ್ಲಿರುವುದು ತೀರಾ ಕಡಿಮೆ. ಮೊದಲು ನೋಡಬೇಕಾದದ್ದು ಮನೆಗೆ ನೆಟ್ ತರುವ ಫೈಬರ್ ಬಾಕ್ಸಿನ ದೀಪಗಳನ್ನು. ಪವರ್ ದೀಪವೇ ಇಲ್ಲದಿದ್ದರೆ ಕರೆಂಟು ಅಥವಾ ಅಡಾಪ್ಟರ್. ‘ಲಾಸ್’ ಎಂದು ಬರೆದಿರುವ ಕಡೆ ಕೆಂಪು ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಬಹುಮಟ್ಟಿಗೆ ಎಲ್ಲೋ ಕಟ್ ಆಗಿದೆ ಅಥವಾ ಮಡಿಚಿಕೊಂಡಿದೆ. ಆಗ ಮನೆಯಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ, ಆನ್-ಆಫ್ ಮಾಡುವುದೂ ವ್ಯರ್ಥ. ಲಾಸ್ ದೀಪ ಆರಿದ್ದು, ‘ಪಾನ್’ ದೀಪ ಹಸಿರಾಗಿ ನಿಂತಿದ್ದು, ಮೊಬೈಲಿನಲ್ಲಿ ನೆಟ್ ಬರುತ್ತಿದ್ದು ಕ್ಯಾಮೆರಾ ಮಾತ್ರ ಸಿಗದಿದ್ದರೆ ಆಗ ವೈ-ಫೈ ಕಡೆ, ಕ್ಯಾಮೆರಾ ಕಡೆ ತಿರುಗಬೇಕು. ದೂರದಲ್ಲಿರುವ ಮಕ್ಕಳು ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇಷ್ಟೇ: “ಅಮ್ಮ, ಬಾಕ್ಸಲ್ಲಿ ಯಾವ ಬಣ್ಣದ ಲೈಟ್ ಇದೆ?”

ಕೆಲವು ಸಲ ಉತ್ತರ ಹೀಗಿರುತ್ತದೆ: “ಗುಡುಗ್ತಾ ಇತ್ತು ಕಣೋ, ಪ್ಲಗ್ಗು ಕಿತ್ತಾಕಿದೀನಿ.” ಅವರು ಮಾಡಿದ್ದು ಸರಿ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗಿಗೆ ಇಲ್ಲಿ ಟಿ.ವಿ., ಪಂಪ್‌ಸೆಟ್ಟಿನ ಸ್ಟಾರ್ಟರ್, ರೂಟರ್ ಸುಟ್ಟುಹೋಗುವುದು ಹೊಸತಲ್ಲ. ಫೈಬರಿನ ಒಳಗಿರುವುದು ಕೂದಲೆಳೆಯಷ್ಟು ಗಾಜು, ಸುತ್ತುಪದರ ಸೇರಿ 125 ಮೈಕ್ರಾನ್ ದಪ್ಪ. ಅದರಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ. ಆದರೆ ಆ ಕೇಬಲ್ ಕಂಬದಿಂದ ಕಂಬಕ್ಕೆ ಜೋತುಬೀಳದಿರಲೆಂದು ಜೊತೆಯಲ್ಲಿ ಒಂದು ಉಕ್ಕಿನ ತಂತಿ ಇರುತ್ತದೆ. ಮನೆಯೊಳಗೆ ಬರುವ ಮುನ್ನ ಅದನ್ನು ಹೊರಗೋಡೆಯಲ್ಲೇ ಕತ್ತರಿಸಿ ನಿಲ್ಲಿಸಬೇಕು. ಹಾಗೆ ಮಾಡದೆ ಜಗಲಿಯ ಕಿಟಕಿಯಿಂದ ಒಳಗೇ ಎಳೆದು ಬಾಕ್ಸಿನ ಪಕ್ಕ ಸುತ್ತಿಟ್ಟ ಮನೆಗಳಿವೆ. ನಿಮ್ಮ ಮನೆಯಲ್ಲಿ ಹೇಗಿದೆ ಎಂದು ಇವತ್ತೇ ನೋಡಿ.

ಮರ ಬಿದ್ದರೆ ಕರೆಂಟು, ನೆಟ್ ಎರಡೂ ಒಟ್ಟಿಗೆ ಹೋಗುವುದಕ್ಕೆ ಕಾರಣ ಆ ಕಂಬವೇ. ಫೈಬರ್ ಕೇಬಲ್ ಬಹುಪಾಲು ಎಳೆದಿರುವುದು ವಿದ್ಯುತ್ ಕಂಬಗಳ ಮೇಲೆ. ಗಾಳಿಗೆ ಒಂದು ಸಿಲ್ವರ್ ಓಕ್ ಅಡ್ಡ ಬಿತ್ತೆಂದರೆ ಎರಡೂ ನೆಲಕ್ಕೆ. ಮೆಸ್ಕಾಂನ ಲೈನ್‌ಮನ್‌ಗಳು ಮಳೆಯಲ್ಲಿ ನೆನೆಯುತ್ತ, ಜಿಗಣೆ ಕಚ್ಚಿಸಿಕೊಳ್ಳುತ್ತ ಲೈನ್ ಎಳೆದು ಕರೆಂಟ್ ಕೊಡುವವರೆಗೆ ಫೈಬರಿನವರು ಆ ಕಂಬದ ಹತ್ತಿರ ಹೋಗುವಂತಿಲ್ಲ. ಆಮೇಲೆ ಬಂದು, ಎಲ್ಲಿ ತುಂಡಾಗಿದೆ ಎಂದು ಯಂತ್ರದಲ್ಲಿ ದೂರ ಅಳೆದು, ಕೊಡೆಯಡಿ ಕೂತು ಗಾಜಿನ ಎರಡು ತುದಿಗಳನ್ನು ಬೆಸೆಯಬೇಕು. ಇದೇ ಕಾರಣಕ್ಕೆ ಕರೆಂಟ್ ಬಂದ ಮೇಲೂ ನೆಟ್ ಬರಲು ಒಂದೆರಡು ದಿನ ಹಿಡಿಯುತ್ತದೆ. ಒಂದೇ ಫೈಬರಿನಿಂದ 32ರಿಂದ 64 ಮನೆಗಳಿಗೆ ಕವಲೊಡೆಯುವ ವ್ಯವಸ್ಥೆಯಾದ್ದರಿಂದ ನಿಮ್ಮ ಮನೆಯಲ್ಲಿ ಕೆಂಪು ಬಂದಾಗ ಪಕ್ಕದವರನ್ನು ಕೇಳಿ. ಅವರದೂ ಕೆಂಪಾಗಿದ್ದರೆ ತೊಂದರೆ ದಾರಿಯಲ್ಲಿ. ಅವರದು ಹಸಿರಿದ್ದು ನಿಮ್ಮದು ಮಾತ್ರ ಕೆಂಪಾಗಿದ್ದರೆ ನಿಮ್ಮ ಗೇಟಿನಿಂದ ಮನೆಯವರೆಗಿನ ಎಳೆಯಲ್ಲಿ. ಅಳಿಲು ಕಡಿದಿರಬಹುದು, ಕಾಫಿ ಗಿಡ ಕಸಿ ಮಾಡುವಾಗ ಕತ್ತಿ ತಾಗಿರಬಹುದು. ದೂರು ಹೇಳುವಾಗ ಇಷ್ಟು ಹೇಳಿದರೆ ರಿಪೇರಿಗೆ ಬರುವ ಹುಡುಗರಿಗೆ ಅರ್ಧ ದಿನ ಉಳಿಯುತ್ತದೆ.

ನೆಟ್ ಪೂರ್ತಿ ಹೋಗದೆ ಬಂದು ಬಂದು ಹೋಗುತ್ತಿದ್ದರೆ, ಬಂದವರ ಹತ್ತಿರ ಬಾಕ್ಸಿಗೆ ತಲುಪುವ ಬೆಳಕಿನ ಬಲವನ್ನು ಅಳೆಸಿ. ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಸಾಮಾನ್ಯ ಬಾಕ್ಸುಗಳು ಬೆಳಕನ್ನು ಹಿಡಿಯಲಾರವು. ಮೈನಸ್ 26 ಇದ್ದದ್ದು ಬೇಸಿಗೆಯಲ್ಲಿ ಹೇಗೋ ನಡೆದು, ಮಳೆಗಾಲದಲ್ಲಿ ಜಾಯಿಂಟಿಗೆ ತೇವ ಇಳಿದಾಗ ನಿಲ್ಲುತ್ತದೆ. “ಸ್ವಲ್ಪ ವೀಕ್ ಇದೆ, ನಡೀತದೆ ಸಾರ್” ಎಂದರೆ ಒಪ್ಪಬೇಡಿ.

ಈಗ ಕ್ಯಾಮೆರಾದ ಕಡೆ ಬರೋಣ. ಹಗಲೆಲ್ಲ ಚೆನ್ನಾಗಿದ್ದು ಕತ್ತಲಾದ ಮೇಲೆ ಆಫ್‌ಲೈನ್ ಆಗುವ ಕ್ಯಾಮೆರಾದ ರೋಗ ಬಹುಮಟ್ಟಿಗೆ ಅಡಾಪ್ಟರಿನದು. ರಾತ್ರಿ ಅದು ತನ್ನ ಕಣ್ಣಿನ ಸುತ್ತಲಿನ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ, ಹೆಚ್ಚು ವಿದ್ಯುತ್ ಎಳೆಯುತ್ತದೆ. ಅಡಾಪ್ಟರ್ ಹಳತಾಗಿದ್ದರೆ, ಅಥವಾ ಗೋದಾಮಿನ ಮೂಲೆಗೆ ಮುಟ್ಟಿಸಲು ತೆಳ್ಳಗಿನ ಯುಎಸ್‌ಬಿ ವೈರನ್ನು ಉದ್ದಕ್ಕೆ ಎಳೆದಿದ್ದರೆ ಐದು ವೋಲ್ಟ್ ದಾರಿಯಲ್ಲೇ ಕರಗಿ ಕ್ಯಾಮೆರಾ ಮತ್ತೆ ಮತ್ತೆ ಆರಿ ಹೊತ್ತುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಒಳ್ಳೆಯ ಅಡಾಪ್ಟರ್, ಗಿಡ್ಡ ವೈರು, ಕ್ಯಾಮೆರಾದ ಹತ್ತಿರವೇ ಪ್ಲಗ್ ಪಾಯಿಂಟ್ ಆದರೆ ಸಾಕು, ಎಷ್ಟೋ ಕ್ಯಾಮೆರಾಗಳು ಗುಣವಾಗುತ್ತವೆ.

ಕರೆಂಟ್ ಬಂದೊಡನೆ ಕ್ಯಾಮೆರಾ ಬೇಗ ಎದ್ದುಬಿಡುತ್ತದೆ. ಬಾಕ್ಸು, ರೂಟರ್ ಎದ್ದು ನೆಟ್ ಹಿಡಿಯಲು ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ವೈ-ಫೈ ಹುಡುಕಿ ಸಿಗದೆ ಸುಮ್ಮನಾಗಿಬಿಡುವ ಕ್ಯಾಮೆರಾಗಳಿವೆ. ಮತ್ತೊಮ್ಮೆ ಪ್ಲಗ್ ತೆಗೆದು ಹಾಕಿದರೆ ಸರಿಹೋಗುತ್ತದೆ, ಆದರೆ ಆ ಕೆಲಸಕ್ಕೆ ಅಪ್ಪ ಸ್ಟೂಲ್ ಹತ್ತಬೇಕು. ಅದು ಬೇಡವೆಂದರೆ ಬಾಕ್ಸು, ರೂಟರ್, ಕ್ಯಾಮೆರಾ ಮೂರನ್ನೂ ಯುಪಿಎಸ್ ಲೈನಿಗೆ ಹಾಕಿಸಬೇಕು. ರೂಟರಿನೊಂದಿಗೆ ಎರಡು ಕ್ಯಾಮೆರಾ ಸೇರಿ ಸುಮಾರು 20 ವಾಟ್ ಸಾಕು. ಬೇರೆ ಭಾರವಿಲ್ಲದಿದ್ದರೆ ಒಂದು 150 ಎಎಚ್ ಬ್ಯಾಟರಿ ಒಂದು ದಿನವಾದರೂ ಇವನ್ನು ನಡೆಸುತ್ತದೆ. ಎಲೆಕ್ಟ್ರಿಷಿಯನ್‌ಗಳು ಯುಪಿಎಸ್ಸಿಗೆ ಫ್ಯಾನು, ಲೈಟು ಕೊಟ್ಟು, ಟಿ.ವಿ. ಹಿಂದಿನ ಪಾಯಿಂಟನ್ನು ಬಿಟ್ಟಿರುತ್ತಾರೆ. ಬಾಕ್ಸು ಕೂತಿರುವುದು ಅಲ್ಲೇ.

ಮತ್ತೊಂದು ತೊಡಕು ವೈ-ಫೈನ ಎರಡು ಅಲೆಗಳದು. ಈಗಿನ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ. ಬಹುತೇಕ ಅಗ್ಗದ ಕ್ಯಾಮೆರಾಗಳಿಗೆ ತಿಳಿಯುವುದು 2.4 ಮಾತ್ರ. ಒಂದೇ ಹೆಸರಿದ್ದಾಗ ಜೋಡಿಸುವ ಹೊತ್ತಿಗೆ ಒದ್ದಾಡುತ್ತವೆ, ಜೋಡಿಸಿದ ಮೇಲೂ ಬಿಟ್ಟುಬಿಡುತ್ತವೆ. ರೂಟರಿನ ಸೆಟ್ಟಿಂಗಿನಲ್ಲಿ ಎರಡಕ್ಕೂ ಬೇರೆ ಹೆಸರಿಟ್ಟು ಕ್ಯಾಮೆರಾವನ್ನು 2.4ಕ್ಕೆ ಸೇರಿಸಿ, ಚಾನೆಲ್ಲನ್ನು 1, 6, 11ರಲ್ಲಿ ಒಂದಕ್ಕೆ ನಿಲ್ಲಿಸಿ. ಸಿಗ್ನಲ್ ಮೈನಸ್ 65 ಡಿಬಿಎಂ ಆಸುಪಾಸಿದ್ದರೆ ನಿಶ್ಚಿಂತೆ, ಮೈನಸ್ 75 ದಾಟಿದರೆ ಇವತ್ತಲ್ಲ ನಾಳೆ ಬೀಳುತ್ತದೆ. ಫೆಬ್ರವರಿಯಲ್ಲಿ ಹಾಕಿಸಿದಾಗ ಕಣದವರೆಗೂ ಚೆನ್ನಾಗಿ ತಲುಪುತ್ತಿದ್ದ ವೈ-ಫೈ ಜುಲೈಯಲ್ಲಿ ಯಾಕೆ ಸಿಗುವುದಿಲ್ಲ? ಈ ಅಲೆಗಳನ್ನು ನೀರು ಹೀರುತ್ತದೆ. ನಡುವೆ ಇರುವ ಕಾಫಿ ಗಿಡಗಳ ಎಲೆಯೆಲ್ಲ ತೊಯ್ದಿದೆ, ಮಣ್ಣಿನ ಗೋಡೆ ಥಂಡಿ ಹಿಡಿದಿದೆ, ಮಳೆಗೆಂದು ಕಣದ ಶೆಡ್ಡಿಗೆ ತಗಡು ಹೊಡೆಸಿದ್ದಾರೆ.

ಗೋದಾಮಿಗೆ, ಕಣಕ್ಕೆ ವೈ-ಫೈ ನಂಬುವುದಕ್ಕಿಂತ ವೈರೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೆಟ್‌ವರ್ಕ್ ಕೇಬಲ್ ನೂರು ಮೀಟರಿನವರೆಗೆ ನಡೆಯುತ್ತದೆ, ಅದೇ ಕೇಬಲಿನಲ್ಲಿ ಕ್ಯಾಮೆರಾಕ್ಕೆ ಕರೆಂಟನ್ನೂ ಕಳಿಸಬಹುದು. ಆದರೆ ಅದು ತಾಮ್ರ. ಎರಡು ಕಟ್ಟಡಗಳ ನಡುವೆ ಗಾಳಿಯಲ್ಲಿ ಎಳೆದರೆ ಸಿಡಿಲಿಗೆ ದಾರಿ ಕೊಟ್ಟ ಹಾಗೆ. ಮನೆಯಿಂದ ಗೋದಾಮಿಗೆ ಒಂದು ಸಣ್ಣ ಫೈಬರನ್ನೇ ಎಳೆಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಡಬ್ಬಿ ಹಾಕಿಸಿದರೆ ದೂರದ ಚಿಂತೆಯೂ ಇಲ್ಲ, ಸಿಡಿಲಿನ ಚಿಂತೆಯೂ ಕಡಿಮೆ. ಕೇಬಲಿನ ಕೊನೆಯ ಜ್ಯಾಕ್ ಮಾತ್ರ ನೀರು ಹೋಗದ ಡಬ್ಬಿಯೊಳಗೆ ಇರಲಿ. ಮಲೆನಾಡಿನ ಥಂಡಿಗೆ ಆ ಪಿನ್ನುಗಳು ಒಂದೇ ಮಳೆಗಾಲದಲ್ಲಿ ಹಸಿರು ಹಿಡಿಯುತ್ತವೆ, ಡಬ್ಬಿಯಲ್ಲಿ ಸಂದಿ ಬಿಟ್ಟರೆ ಇರುವೆ ಗೂಡು ಕಟ್ಟುತ್ತವೆ. ಕ್ಯಾಮೆರಾದ ಕಣ್ಣಿನ ಮುಂದೆ ಜೇಡ ಬಲೆ ಕಟ್ಟಿದರೆ ರಾತ್ರಿಯಿಡೀ ಅಲುಗಾಟವೆಂದು ತಿಳಿದು ಸುಳ್ಳು ಎಚ್ಚರಿಕೆ ಬರುತ್ತಲೇ ಇರುತ್ತದೆ, ಕಾರ್ಡೂ ತುಂಬುತ್ತದೆ. ವಾರಕ್ಕೊಮ್ಮೆ ಬಟ್ಟೆ ಸುತ್ತಿದ ಕೋಲಿನಿಂದ ಒರೆಸಿದರೆ ಸಾಕು.

ಹೋಂಸ್ಟೇ ನಡೆಸುವವರದು ಇನ್ನೊಂದು ಬಗೆಯ ಕಷ್ಟ. ಶನಿವಾರ, ಭಾನುವಾರ ಬಂದ ಅತಿಥಿಗಳೆಲ್ಲ ವೈ-ಫೈ ಪಾಸ್‌ವರ್ಡ್ ಕೇಳುತ್ತಾರೆ. ಸಣ್ಣ ರೂಟರುಗಳು ಒಮ್ಮೆಗೆ ಮೂವತ್ತು ಚಿಲ್ಲರೆ ಸಾಧನಗಳನ್ನಷ್ಟೇ ಸಂಭಾಳಿಸುತ್ತವೆ. ಅಷ್ಟರಲ್ಲಿ ಕರೆಂಟ್ ಹೋಗಿ ಬಂದರೆ ಕ್ಯಾಮೆರಾಗೆ ಜಾಗವೇ ಸಿಗುವುದಿಲ್ಲ. ಅತಿಥಿಗಳಿಗೆ ಬೇರೆ ರೂಟರ್ ಕೊಡಿ, ಕ್ಯಾಮೆರಾಗೆ ರೂಟರಿನಲ್ಲಿ ಖಾಯಂ ವಿಳಾಸ ಕಟ್ಟಿಡಿ. ಕ್ಯಾಮೆರಾ ಗೇಟು, ಅಂಗಳ, ಗೋದಾಮು ನೋಡಲಿ. ಅತಿಥಿಗಳ ಕೋಣೆಯ ಕಡೆಗೂ, ತೋಟದ ಕಾರ್ಮಿಕರ ಲೈನ್ ಮನೆಗಳ ಬಾಗಿಲ ಕಡೆಗೂ ಅದರ ಮುಖ ತಿರುಗಕೂಡದು. ಅಲ್ಲಿ ಬದುಕುವವರ ಖಾಸಗಿತನವೂ ನಮ್ಮ ಕಾಫಿಯಷ್ಟೇ ಕಾಯಬೇಕಾದದ್ದು.

ಫೈಬರ್ ತಲುಪದ ತೋಟಗಳಲ್ಲಿ ಸಿಮ್ ಹಾಕುವ ಕ್ಯಾಮೆರಾಗಳೇ ಗತಿ. ಇವು ಆಫ್‌ಲೈನ್ ಆದರೆ ಮೊದಲು ರೀಚಾರ್ಜ್ ಮುಗಿದಿದೆಯೇ ನೋಡಿ, ಬಹಳ ಸಲ ಕಾರಣ ಅದೇ ಆಗಿರುತ್ತದೆ. ಆಮೇಲೆ ಆ ಗುಡ್ಡಕ್ಕೆ ಯಾವ ಕಂಪನಿಯ ಸಿಗ್ನಲ್ ಬರುತ್ತದೆಂದು ಅಲ್ಲೇ ನಿಂತು ಪರೀಕ್ಷಿಸಿ. 2020ರ ಆನ್‌ಲೈನ್ ಪಾಠದ ದಿನಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೂತಿದ್ದ ಮಕ್ಕಳನ್ನು ಕೇಳಿದರೆ ಯಾವ ಬಂಡೆಯ ಮೇಲೆ ಯಾವ ಸಿಮ್ ಹಿಡಿಯುತ್ತದೆಂದು ಈಗಲೂ ಹೇಳುತ್ತಾರೆ.

ನೆಟ್ ಕಂಪನಿಯವರು ಬಾಕ್ಸ್ ಬದಲಿಸಿ ಹೋದ ದಿನವೇ ಮನೆಯ ಕ್ಯಾಮೆರಾಗಳೆಲ್ಲ ಒಮ್ಮೆಗೆ ಆಫ್‌ಲೈನ್ ಆಗುತ್ತವೆ. ಒಂದೊಂದನ್ನೂ ಇಳಿಸಿ ಹೊಸದಾಗಿ ಜೋಡಿಸಬೇಕಿಲ್ಲ. ಹೊಸ ಬಾಕ್ಸಿಗೂ ಹಳೆಯ ವೈ-ಫೈ ಹೆಸರು, ಹಳೆಯ ಪಾಸ್‌ವರ್ಡನ್ನು ಅಕ್ಷರ ಬಿಡದೆ ಕೊಟ್ಟರೆ ಎಲ್ಲವೂ ತಾವಾಗಿ ಬಂದು ಸೇರುತ್ತವೆ. ಆದರೆ ಕ್ಯಾಮೆರಾದ ಒಳಗಿನ ಪಾಸ್‌ವರ್ಡು ಕಂಪನಿ ಕೊಟ್ಟ ‘ಅಡ್ಮಿನ್’ ಆಗಿಯೇ ಉಳಿದಿದ್ದರೆ ಇವತ್ತೇ ಬದಲಿಸಿ. 2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಕುಸಿದದ್ದು ಮಿರಾಯ್ ಎಂಬ ದುಷ್ಟ ತಂತ್ರಾಂಶದಿಂದ. ಅದು ಕೈವಶ ಮಾಡಿಕೊಂಡಿದ್ದು ಹೀಗೆ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಕ್ಯಾಮೆರಾ, ರೆಕಾರ್ಡರ್, ರೂಟರುಗಳನ್ನು. ನಮ್ಮಲ್ಲಿ 2025ರ ಏಪ್ರಿಲ್‌ನಿಂದ ಮಾರಾಟಕ್ಕೆ ಬರುವ ಸಿಸಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಕೊಳ್ಳುವಾಗ ಬಿಲ್ಲಿನ ಜೊತೆಗೆ ಅದನ್ನೂ ವಿಚಾರಿಸಿ.

ಗಡಿಯಾರದ ವಿಷಯ ಯಾರ ಗಮನಕ್ಕೂ ಬರುವುದಿಲ್ಲ. ಕ್ಯಾಮೆರಾ ಸಮಯ ತಿಳಿಯುವುದು ನೆಟ್ಟಿನಿಂದ. ಕರೆಂಟ್ ಹೋಗಿ ಬಂದು, ನೆಟ್ ಇನ್ನೂ ಬರದಿದ್ದಾಗ ಕೆಲವು ಕ್ಯಾಮೆರಾಗಳು 1970ನೇ ಇಸವಿ ಎಂದು ಬರೆದುಕೊಂಡು ದಾಖಲಿಸುತ್ತವೆ. ಕಳ್ಳನ ಮುಖ ಸ್ಪಷ್ಟವಾಗಿದ್ದರೂ ತಾರೀಖು ತಪ್ಪಿರುವ ದೃಶ್ಯದ ಮೇಲೆ ನ್ಯಾಯಾಲಯದಲ್ಲಿ ಪ್ರಶ್ನೆ ಏಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಗೆ ಪ್ರಮಾಣಪತ್ರವೂ ಬೇಕು. ಆದ್ದರಿಂದ ಕಳವಾದ ಮರುದಿನ ದೃಶ್ಯವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿ ಸುಮ್ಮನಾಗಬೇಡಿ; ಅಲ್ಲಿ ಅದರ ಗುಣ ಕುಗ್ಗುತ್ತದೆ. ಕ್ಯಾಮೆರಾ ಆಫ್ ಮಾಡಿ, ಮೇಲಿಂದ ಮೇಲೆ ಬರೆದು ಅಳಿಸುವ ಮೊದಲೇ ಕಾರ್ಡನ್ನು ತೆಗೆದು ಹಾಗೆಯೇ ಠಾಣೆಗೆ ಒಯ್ಯಿರಿ.

ಮನೆಯಲ್ಲಿ ಇಷ್ಟೆಲ್ಲ ಮಾಡಿಕೊಂಡರೂ ಒಂದು ಕೊಂಡಿ ನಮ್ಮ ಕೈಯಲ್ಲಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು, ಮಲೆಮನೆ, ಆಲೇಖಾನ್ ಹೊರಟ್ಟಿಯಲ್ಲಿ ಗುಡ್ಡ ಜಾರಿ ಮನೆಗಳು ಹೋದಾಗ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದೆ ಈ ಸೀಮೆ ಎಷ್ಟು ಕಂಗಾಲಾಗಿತ್ತೆಂದು ಇಲ್ಲಿನವರಿಗೆ ನೆನಪಿದೆ. ಮನೆಯ ಯುಪಿಎಸ್ ಎಷ್ಟು ಹೊತ್ತು ನಡೆದರೂ, ಪೇಟೆಯಲ್ಲಿ ಫೈಬರುಗಳೆಲ್ಲ ಬಂದು ಸೇರುವ ಕೋಣೆಯ ಬ್ಯಾಟರಿ ಮುಗಿದರೆ ಎಲ್ಲರ ಬಾಕ್ಸೂ ಕೆಂಪೇ; ಗುಡ್ಡದ ಮೇಲಿನ ಟವರಿಗೆ ಡೀಸೆಲ್ ತಲುಪದಿದ್ದರೆ ಫೋನೂ ಇಲ್ಲ, ಸಿಮ್ ಕ್ಯಾಮೆರಾವೂ ಇಲ್ಲ. ಕಂಬದ ಮೇಲಿನ ಮುಖ್ಯ ಫೈಬರನ್ನು ರಸ್ತೆ ಬದಿಯ ನೆಲದೊಳಗೆ ಇಳಿಸುವುದು, ಆ ಕೋಣೆಗಳಿಗೂ ಟವರುಗಳಿಗೂ ಎರಡು ದಿನಕ್ಕಾದರೂ ಸಾಲುವಷ್ಟು ಬ್ಯಾಟರಿ, ಡೀಸೆಲ್ಲನ್ನು ಮೇ ತಿಂಗಳೊಳಗೆ ಕೂಡಿಡುವುದು ಆಗಬೇಕು. ಪಂಚಾಯಿತಿಯ ಗ್ರಾಮಸಭೆಯಲ್ಲಿ, ತಾಲ್ಲೂಕಿನ ಮುಂಗಾರು ಸಿದ್ಧತಾ ಸಭೆಯಲ್ಲಿ ಚರಂಡಿ, ಮರದ ಕೊಂಬೆಗಳ ಜೊತೆಗೆ ಇದನ್ನೂ ಬರೆಸಿ. ಹೊಸ ಸಂಪರ್ಕ ಹಾಕಿಸುವವರು ಎಷ್ಟು ಎಂಬಿಪಿಎಸ್ ಎಂದು ಕೇಳುವ ಮೊದಲು, ಕರೆಂಟ್ ಹೋದರೆ ನಿಮ್ಮ ಕೋಣೆ ಎಷ್ಟು ಗಂಟೆ ನಡೆಯುತ್ತದೆ ಎಂದು ಕೇಳಿ, ಉತ್ತರವನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.